ಎಮ್ಮೆಲ್ಲೆ ಹತ್ರ ಹೋಗಿ ಒಂದು ರೂಮು ತಂದ ಕಥೆ

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳೀಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಹೆಚ್ಚೆಮ್ಮು, ಅಂದ್ರೆ ಮುಖ್ಯ ಶಿಕ್ಷಕ. ಮಕ್ಕಳು 128, ರೂಮು ಆರು, ಅದ್ರಲ್ಲಿ ಎರಡು ಹಳೇ ಮಂಗ್ಳೂರು ಹೆಂಚಿನವು, ಮಳೆ ಬಂತು ಅಂದ್ರೆ ನಾಲ್ಕನೇ ಕ್ಲಾಸು ಐದನೇ ಕ್ಲಾಸು ಎರಡೂ ಜಗಲೀಲಿ. ಸಮಗ್ರ ಶಿಕ್ಷಣದ ಶಾಲಾ ಅನುದಾನ ನಮ್ಮ ಸಂಖ್ಯೆಗೆ ವರ್ಷಕ್ಕೆ 50,000, ಚಾಕ್‌ಪೀಸು, ರಿಜಿಸ್ಟರು, ಸಣ್ಣಪುಟ್ಟ ರಿಪೇರಿ ಎಲ್ಲಾ ಅದ್ರಲ್ಲೇ. ಹೆಂಚು ತಿರುವಿಸೋದ್ರೊಳಗೆ ಮುಗ್ದೋಗತ್ತೆ.

ಮೊದಲ ಸಲ ಎಲ್ರೂ ಮಾಡೋ ಹಾಗೇ ಮಾಡ್ದೆ. ನಮ್ಮಲ್ಲಿ ಪ್ರತಿಭಾ ಕಾರಂಜಿ ಇಟ್ಕೊಂಡಿದ್ವಿ, ಶಾಸಕರು ಬಂದ್ರು, ಶಾಲು ಹೊದಿಸಿ ಹಾರ ಹಾಕಿ ಮನವಿ ಪತ್ರ ಕೈಗಿಟ್ವಿ. ರೂಮು, ಕಾಂಪೌಂಡು, ಟಾಯ್ಲೆಟ್ಟು, ಕಂಪ್ಯೂಟರು, ಟೀಚರು ಅಂತ ಹನ್ನೊಂದು ಬೇಡಿಕೆ! ಅವ್ರು ಮೇಲೆ ‘ಪರಿಶೀಲಿಸಿ’ ಅಂತ ಬರ್ದು ಪಿಎಗೆ ಕೊಟ್ರು, ಫೋಟೋ ಆಯ್ತು, ಊಟ ಆಯ್ತು. ಒಂದೂವರೆ ವರ್ಷ ನಾನೂ ಪರಿಶೀಲನೆ ನಡೀತಿದೆ ಅಂತಾನೇ ಅನ್ಕೊಂಡಿದ್ದೆ.

ಕಣ್ಣು ತೆರೆಸಿದ್ದು ಅದೇ ಪಿಎ. ‘ಮೇಷ್ಟ್ರೇ, ಯಾವ ಹೆಡ್ಡಲ್ಲಿ ಕೊಡೋದು ಅದನ್ನ ಹೇಳಿ’ ಅಂದ್ರು, ಅಂದ್ರೆ ಯಾವ ನಿಧಿಯ ಲೆಕ್ಕದಲ್ಲಿ ಅಂತ. ನಂಗೆ ಉತ್ರ ಗೊತ್ತಿರ್ಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕ್ದೆ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಅದನ್ನೂ ಅವ್ರು ಶಿಫಾರಸು ಮಾಡ್ಬೋದು ಅಷ್ಟೇ, ಮಂಜೂರು ಮಾಡೋದು ಡಿಸಿ. ಕ್ಷೇತ್ರದಲ್ಲಿ ಇನ್ನೂರು ಚಿಲ್ಲರೆ ಸರ್ಕಾರಿ ಶಾಲೆ, ರಸ್ತೆ ಚರಂಡಿ ಸಮುದಾಯ ಭವನ ಎಲ್ಲಾ ಬಿಟ್ಟು ಬರೀ ಶಾಲೆಗೇ ಹಂಚಿದ್ರೂ ಒಂದಕ್ಕೆ ಒಂದು ಲಕ್ಷ ಬರಲ್ಲ, ಜೆಇ (ಕಿರಿಯ ಎಂಜಿನಿಯರ್) ಕೊಟ್ಟ ಎಸ್ಟಿಮೇಟು ಒಂದು ರೂಮಿಗೆ 14 ಲಕ್ಷ.

ಅಂದ್ರೆ ಒಂದೊಂದು ಕೆಲ್ಸಕ್ಕೆ ಒಂದೊಂದು ಬಾಗ್ಲು. ಕಾಂಪೌಂಡು, ಟಾಯ್ಲೆಟ್ಟು ಆಗ ನರೇಗಾದಲ್ಲಿ ಆಗ್ತಿತ್ತು, ಅದಕ್ಕೆ ಗ್ರಾಮಸಭೇಲಿ ಎದ್ದು ನಿಂತು ಕ್ರಿಯಾ ಯೋಜನೆಗೆ ಸೇರಿಸ್ಬೇಕಿತ್ತು, ಸೇರ್ಸಿದ್ವಿ. ಟೀಚರ್ ಪೋಸ್ಟು ಯಾವ ಶಾಸಕರ ಜೇಬಲ್ಲೂ ಇಲ್ಲ, ಅದು ಸದನದಲ್ಲಿ ಕೇಳೋ ವಿಷ್ಯ. ವಿಧಾನ ಪರಿಷತ್ತಲ್ಲಿ ಶಿಕ್ಷಕರ ಕ್ಷೇತ್ರದಿಂದ ಏಳು ಜನ ಇರ್ತಾರೆ, ಆದ್ರೆ ಅಲ್ಲಿ ಹೈಸ್ಕೂಲು ಮತ್ತು ಅದ್ರ ಮೇಲಿನೋರಿಗೆ ಮಾತ್ರ ವೋಟು, ನಮ್ಮಂಥ ಪ್ರೈಮರಿಯವ್ರಿಗಿಲ್ಲ (ಇದು ಎಷ್ಟೋ ಮೇಷ್ಟ್ರುಗಳಿಗೇ ಗೊತ್ತಿಲ್ಲ). ಅದಕ್ಕೇ ಪಕ್ಕದ ಹೈಸ್ಕೂಲ್ ಹೆಚ್ಚೆಮ್ಮನ್ನ ಜೊತೇಲಿ ಕರ್ಕೊಂಡು ನಮ್ಮ ಕಡೆಯ ಆ ಪರಿಷತ್ ಸದಸ್ಯರ ಹತ್ರ ಹೋದೆ, ಟೀ ಸಿಕ್ತು, ಮಾತೂ ಕೇಳುದ್ರು.

ರೂಮು ಮಾತ್ರ ಶಾಸಕರ ಹತ್ರ. ಈ ಸಲ ನಾನು ಮುಂದೆ ನಿಲ್ಲಲಿಲ್ಲ, ಸರ್ಕಾರಿ ನೌಕರ ರಾಜಕಾರಣಿ ಮನೆ ಬಾಗ್ಲಲ್ಲಿ ಕಂಡ್ರೆ ಟ್ರಾನ್ಸ್‌ಫರ್‌ಗೆ ಬಂದಿದಾನೆ ಅನ್ಕೋತಾರೆ. ಎಸ್‌ಡಿಎಂಸಿ (ಪೋಷಕರಿರೋ ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಠರಾವು ಮಾಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಗಮನಕ್ಕೆ ತಂದು, ಸಮಿತಿ ಅಧ್ಯಕ್ಷೆ ಮತ್ತೆ ನಾಲ್ಕು ಜನ ತಾಯಂದಿರು ಹೋದ್ರು, ನಾನು ಹಿಂದೆ ಫೈಲ್ ಹಿಡ್ಕೊಂಡಿದ್ದೆ. ಪತ್ರ ಒಂದೇ ಪೇಜು, ಬೇಡಿಕೆ ಒಂದೇ, ಜೊತೆಗೆ ಎಸ್ಟಿಮೇಟು ಮತ್ತೆ ಹಾಜರಿ ಪುಸ್ತಕದ ಜೆರಾಕ್ಸು. ಜೂನಿಂದ ನವೆಂಬರ್‌ವರೆಗೆ ಮಳೆಗೆ ಆ ಎರಡು ಕ್ಲಾಸು ಅರ್ಧಕ್ಕೇ ಬಿಟ್ಟ ದಿನಗಳಿಗೆ ಕೆಂಪು ಇಂಕಲ್ಲಿ ಸುತ್ತು ಹಾಕಿದ್ದೆ. ಶಾಸಕರು ಎಸ್ಟಿಮೇಟು ತೆಗ್ದು ಪಕ್ಕಕ್ಕಿಟ್ರು, ಆ ಕೆಂಪು ಸುತ್ತುಗಳನ್ನ ಬೆರಳಿಟ್ಟು ಎಣಿಸುದ್ರು. ‘23 ದಿನಾನಾ?’ ಅಂದ್ರು. ಅಧ್ಯಕ್ಷೆ, ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಗಳು, ‘ಹೌದಣ್ಣ, ಆ 23 ದಿನಾನೂ ನಂಗೆ ಸಂಬಳ ಕಟ್, ಮಗೂನ ಮನೇಲಿ ಒಂದನ್ನೇ ಬಿಡೋಕಾಗಲ್ಲ’ ಅಂದ್ರು. ನಾನು ಹತ್ತು ಪತ್ರ ಬರ್ದಿದ್ರೂ ಈ ಮಾತು ಅದ್ರಲ್ಲಿ ಬರ್ತಿರ್ಲಿಲ್ಲ ಬಿಡಿ.

ನಾವು ಹೋಗಿದ್ದು ಡಿಸೆಂಬರಲ್ಲಿ, ಯಾಕಂದ್ರೆ ಬಜೆಟ್ಟು ಕ್ರಿಯಾ ಯೋಜನೆ ಎಲ್ಲಾ ಮುಗಿದ್ಮೇಲೆ ಹೋಗಿ ಪ್ರಯೋಜ್ನ ಇಲ್ಲ. ಆದ್ರೂ ಸಿಕ್ಕಾಕೊಂಡ್ವಿ, ಶಿಫಾರಸು ಪತ್ರ ಡಿಸಿ ಆಫೀಸಿಗೆ ಹೋಗೋ ಹೊತ್ಗೆ 2024ರ ಮಾರ್ಚಲ್ಲಿ ಲೋಕಸಭಾ ಎಲೆಕ್ಷನ್ ನೀತಿ ಸಂಹಿತೆ ಬಂತು, ಜೂನ್‌ವರೆಗೆ ಫೈಲು ಮಲಗ್ತು. ಆಮೇಲೆ ಅಧ್ಯಕ್ಷೆ ವಾರಕ್ಕೊಂದು ಸಲ ಪಿಎಗೆ ಫೋನು.

ಒಂದು ರೂಮು ಆಯ್ತು, ಐದನೇ ಕ್ಲಾಸು ಒಳಗೆ ಹೋಯ್ತು. ನಾಲ್ಕನೇ ಕ್ಲಾಸು ಇನ್ನೂ ಹೆಂಚಿನ ಕೆಳಗೇ, ಎರಡನೇ ರೂಮಿನ ಎಸ್ಟಿಮೇಟು ಹಳೇದಾಯ್ತು, ಹೊಸ ದರದಲ್ಲಿ ಮಾಡ್ಸಿ ತನ್ನಿ ಅಂದಿದಾರೆ, ಸೋಮವಾರ ಜೆಇ ಹತ್ರ ಹೋಗ್ಬೇಕು.