ಫೈಲಿಗೂ ಬೇಕು ಒಂದು ಜಾತಕ

ನಮ್ಮ ಸೋದರಮಾವ 2003ರಲ್ಲಿ ಊರಿನ ಚರಿತ್ರೆ ಅಂತ ನಲವತ್ತು ಪುಟ ಟೈಪ್ ಮಾಡಿಸಿ ಸಿ.ಡಿ.ಯಲ್ಲಿ ಇಟ್ಟಿದ್ದರು. ಮೊನ್ನೆ ಅದನ್ನು ಹಾಕಿ ನೋಡಿದೆ. ಸಿ.ಡಿ. ಓಡಿತು, ಫೈಲೂ ತೆರೆಯಿತು. ಕನ್ನಡ ಮಾತ್ರ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ, ಚುಕ್ಕಿ ಹಾಕಿದಂಥ ಏನೇನೋ ಸಾಲುಗಳು! ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಫಾಂಟ್ ಯಾವುದು ಅಂತ ಗೊತ್ತಿದ್ದರೆ, ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಜಾಗ ಇರುವ ಈಗಿನ ಯೂನಿಕೋಡ್‌ಗೆ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ವರ್ಡ್ ಫೈಲಾಗಿದ್ದರೆ ಫಾಂಟಿನ ಹೆಸರು ಒಳಗೇ ಇರುತ್ತಿತ್ತು. ಇದು ಬರೀ ಟೆಕ್ಸ್ಟ್ ಫೈಲು. ಮಾವನನ್ನು ಕೇಳಿದರೆ, “ಅದೆಲ್ಲ ಆ ಡಿಟಿಪಿ ಹುಡುಗನಿಗೆ ಗೊತ್ತಪ್ಪಾ” ಅಂದರು. ಮೂರು ಸಂಜೆ ಒಂದೊಂದೇ ಫಾಂಟ್ ಹಾಕಿ ನೋಡಬೇಕಾಯಿತು.

ಫಾಂಟಿನ ಹೆಸರು ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು. ಇಂಥ ಸಾಲಿಗೇ ಮೆಟಾಡೇಟಾ ಅನ್ನುವುದು. ಅದನ್ನು ಎಲ್ಲರೂ ಒಂದೇ ರೀತಿ ಬರೆಯೋಣ ಅಂತ ಮಾಡಿಕೊಂಡ ಒಪ್ಪಂದವೇ ಸ್ಟ್ಯಾಂಡರ್ಡ್. ಊರಿನ ಗ್ರಂಥಾಲಯವಿರಲಿ, ಯಕ್ಷಗಾನ ಮೇಳವಿರಲಿ, ಮನೆಯ ಹಳೇ ಫೋಟೊ ರಾಶಿಯೇ ಇರಲಿ, ನಿಮಗೆ ಬೇಕಾದಷ್ಟನ್ನು ನೀವೇ ಮಾಡಿಕೊಳ್ಳಬಹುದು.

ಮೊದಲು, ಸಾಲ ತನ್ನಿ

ಎಲ್ಲವನ್ನೂ ಹೊಸದಾಗಿ ಕಟ್ಟಲು ಹೋಗಬೇಡಿ. ಡಬ್ಲಿನ್ ಕೋರ್ ಅಂತ ಒಂದು ಪಟ್ಟಿ ಇದೆ. 1995ರಲ್ಲಿ ಶುರುವಾದದ್ದು. ಐರ್ಲೆಂಡಿನ ಡಬ್ಲಿನ್ ಅಲ್ಲ, ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್. ಶೀರ್ಷಿಕೆ, ಮಾಡಿದವರು, ದಿನಾಂಕ, ಭಾಷೆ, ಹಕ್ಕು ಹೀಗೆ 15 ಕಾಲಂ. ಅದರಲ್ಲಿ ಏಳೆಂಟು ಆರಿಸಿಕೊಳ್ಳಿ. ಖಾಲಿ ಬಿದ್ದಿರುವ ಮೂವತ್ತು ಕಾಲಂಗಿಂತ ತುಂಬಿದ ಎಂಟು ವಾಸಿ. ಸರ್ಕಾರಿ ಕಚೇರಿಯ ಕಡತಗಳಾದರೆ ಇ-ಗವ್ ಪಿಐಡಿ ಅನ್ನುವ ನಮ್ಮ ದೇಶದ್ದೇ ಸ್ಟ್ಯಾಂಡರ್ಡ್ 2013ರಿಂದ ಇದೆ. ಅದನ್ನು ನೋಡಿ.

ಫೈಲಿಗೆ ಏನೇನಾಯಿತು, ಬರೆಯಿರಿ

ಡಬ್ಲಿನ್ ಕೋರ್ ಲೈಬ್ರರಿ ಕಾರ್ಡಿನ ಥರ. ಹುಡುಕಲು ಸಾಕು, ಉಳಿಸಲು ಸಾಲದು. ಉಳಿಸುವುದಕ್ಕೆಂದೇ ಪ್ರೆಮಿಸ್ ಎಂಬ ಸ್ಟ್ಯಾಂಡರ್ಡ್ 2005ರಲ್ಲಿ ಬಂತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ನೋಡಿಕೊಳ್ಳುತ್ತದೆ. ವಸ್ತು ಯಾವುದು, ಅದಕ್ಕೆ ಏನಾಯಿತು, ಯಾರು ಮಾಡಿದರು, ಯಾರಿಗೆ ಏನು ಹಕ್ಕು ಅನ್ನುವ ನಾಲ್ಕನ್ನು ಅದು ಕೇಳುತ್ತದೆ.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು “ಏನಾಯಿತು” ಅನ್ನುವುದು. ಮಾವನ ಫೈಲಿಗೆ ನಾನು ಬರೆದದ್ದು ಹೀಗಿದೆ: “ಹಳೇ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸಿದೆ. ಮೂರು ಕಡೆ ಅರ್ಕಾವೊತ್ತು ಜಾಗ ತಪ್ಪಿತ್ತು, ಕೈಯಲ್ಲೇ ತಿದ್ದಿದೆ. ಮೂಲ ಫೈಲು ಹಾಗೇ ಪಕ್ಕದಲ್ಲಿದೆ.” ಜೊತೆಗೆ ದಿನಾಂಕ, ನನ್ನ ಹೆಸರು, ಬಳಸಿದ ಸಾಫ್ಟ್‌ವೇರ್ ಮತ್ತು ಅದರ ಆವೃತ್ತಿ. ನಾಳೆ ಯಾರಿಗಾದರೂ ಒಂದು ಪದದ ಮೇಲೆ ಅನುಮಾನ ಬಂದರೆ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ.

ಫಾರ್ಮ್ಯಾಟ್‌ಗೊಂದು ನಂಬರು

ಸುಮ್ನೆ “ಪಿಡಿಎಫ್” ಅಂತ ಬರೆದರೆ ಸಾಲದು, ಅದರಲ್ಲೇ ಹಲವು ಆವೃತ್ತಿಗಳಿವೆ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ನಡೆಸುವ ಪ್ರೊನೊಮ್ ಪಟ್ಟಿಯಲ್ಲಿ ಒಂದೊಂದಕ್ಕೂ ಬೇರೆ ನಂಬರ್ ಇದೆ. ಪಿಡಿಎಫ್ 1.4 ಅಂದರೆ ಎಫ್‌ಎಂಟಿ/18. ಅವರದ್ದೇ ಡ್ರಾಯ್ಡ್ ಎಂಬ ಉಚಿತ ಸಾಫ್ಟ್‌ವೇರ್ ಫೈಲಿನ ಒಳಗನ್ನೇ ನೋಡಿ ಈ ನಂಬರ್ ಹೇಳುತ್ತದೆ.

ಕನ್ನಡದವರು ಇನ್ನೊಂದು ಕಾಲಂ ಸೇರಿಸಿಕೊಳ್ಳಿ: ಯಾವ ಫಾಂಟ್, ಯಾವ ಲಿಪಿ ಸಂಕೇತ? ಯೂನಿಕೋಡೋ, ಹಳೇ ನುಡಿಯೋ, ಬರಹವೋ, ಶ್ರೀಲಿಪಿಯೋ?

ಫೈಲಿನ ಬೆರಳಚ್ಚು

ಎಸ್‌ಎಚ್‌ಎ-256 ಎಂಬ ಲೆಕ್ಕ ಇದೆ. ಯಾವ ಫೈಲು ಕೊಟ್ಟರೂ 64 ಅಕ್ಷರ-ಅಂಕಿಗಳ ಒಂದು ಸಾಲು ಕೊಡುತ್ತದೆ. ಫೈಲಿನಲ್ಲಿ ಒಂದು ಕಾಮಾ ಬದಲಾದರೂ ಆ ಸಾಲು ಗುರುತೇ ಸಿಗದ ಹಾಗೆ ಬದಲಾಗುತ್ತದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಇದಕ್ಕೆ ಬೇಕಾದ ಕಮಾಂಡ್ ಮೊದಲೇ ಇರುತ್ತದೆ. ಬರೆದಿಟ್ಟುಕೊಂಡು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮತ್ತೆ ಲೆಕ್ಕ ಹಾಕಿ ತಾಳೆ ನೋಡಿ.

ಬರೆಯುವ ರೀತಿ ಒಂದೇ ಇರಲಿ

ಜಾಸ್ತಿ ಜಗಳ ಆಗುವುದು ಇಲ್ಲೇ. 03-04-2005 ಅಂದರೆ ಏಪ್ರಿಲ್ 3, ಅಲ್ವಾ? ಅಮೆರಿಕದಲ್ಲಿರುವ ಅಣ್ಣನ ಮಗಳಿಗೆ ಅದು ಮಾರ್ಚ್ 4. ಅದಕ್ಕೇ ಐಎಸ್‌ಒ 8601ರಂತೆ 2005-04-03 ಅಂತ ವರ್ಷ ಮೊದಲು ಬರೆಯಿರಿ. ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ” ಅಂತಲೇ ಬರೆಯಿರಿ. ಖಾಲಿ ಬಿಟ್ಟರೆ ಗೊತ್ತಿರಲಿಲ್ಲವೋ ಮರೆತರೋ ತಿಳಿಯುವುದಿಲ್ಲ.

ನಿಯಮ ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಒಂದೇ ಫೋಟೊವನ್ನು ಇಬ್ಬರಿಗೆ ಕೊಟ್ಟು ಬೇರೆ ಬೇರೆ ಕೂರಿಸಿ ಕಾಲಂ ತುಂಬಿಸಿ. ನಮ್ಮನೆಯಲ್ಲಿ ಒಂದೇ ಮದುವೆ ಫೋಟೊಗೆ ತಂಗಿ “ಶಾರದತ್ತೆ” ಅಂತ ಬರೆದಳು, ಅಮ್ಮ “ಶಾರದಾ” ಅಂತ. “ಮಾಡಿದವರು” ಅಂದರೆ ಫೋಟೊ ತೆಗೆದವರೋ ಸ್ಕ್ಯಾನ್ ಮಾಡಿದವರೋ ಅಂತ ಇಬ್ಬರೂ ಕೇಳಿದರು. ತಪ್ಪು ಅವರದ್ದಲ್ಲ, ನನ್ನ ನಿಯಮದ್ದು. ಆ ಕಾಲಂ ಈಗ ಎರಡಾಗಿದೆ.

ಎಲ್ಲಿಡುವುದು?

ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆಯುವ ರೀತಿ) ಉಳಿಸಿದ, ಕಾಲಂಗಳ ನಡುವೆ ಕಾಮಾ ಹಾಕಿದ ಸಾದಾ ಸಿಎಸ್‌ವಿ ಫೈಲು ಸಾಕು. ಅದು ಫೈಲುಗಳ ಜೊತೆಗೇ, ಅದೇ ಫೋಲ್ಡರಿನಲ್ಲಿರಲಿ. ವಿವರವನ್ನು ಫೋಟೊದೊಳಗೆ ಮಾತ್ರ ಸೇರಿಸಿ ನಂಬಿಕೊಂಡು ಕೂರಬೇಡಿ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ.

ಮಾವನ ಫೈಲಿನ ಕಾಲಂಗಳೆಲ್ಲ ಈಗ ತುಂಬಿವೆ. “ಟೈಪ್ ಮಾಡಿದವರು” ಅನ್ನುವಲ್ಲಿ ಮಾತ್ರ “ಗೊತ್ತಿಲ್ಲ, ಬಸ್ ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯ ಹುಡುಗ” ಅಂತಿದೆ.