ಮಂಡ್ಯದ ಶಾಲೆಗಳಿಗೆ ವೈಫೈ: ನನ್ನ ಕೆಲಸ ಶುರುವಾಗೋದು ಪ್ಲಗ್ ಪಾಯಿಂಟಿನಿಂದ

ಶಾಲೆಗೆ ವೈಫೈ ಹಾಕಿಸಬೇಕು ಅಂತ ಫೋನ್ ಮಾಡುವವರು ಮೊದಲು ಕೇಳೋದು ಒಂದೇ, ಯಾವ ಕಂಪನಿಯದು ತಗೋಬೇಕು ಸಾರ್? ನಾನು ತಿರುಗಿಸಿ ಕೇಳುತ್ತೇನೆ: ನಿಮ್ಮ ಶಾಲೆಯಲ್ಲಿ ಕೆಲಸ ಮಾಡುವ ಪ್ಲಗ್ ಪಾಯಿಂಟ್ ಎಷ್ಟಿವೆ? ಮಂಡ್ಯ ಜಿಲ್ಲೆಯ ಶಾಲೆಗಳಿಗೆ ನೆಟ್‌ವರ್ಕ್ ಪ್ಲಾನ್ ಮಾಡಿಕೊಡೋದು ನನ್ನ ಕೆಲಸ. ದುಡ್ಡು ಒಂದು ಟ್ರಸ್ಟಿನದು, ತಿರುಗಾಟ ನನ್ನದು. ವೈರ್‌ಲೆಸ್ ಅನ್ನೋದು ಹೆಸರಿಗೆ ಅಷ್ಟೇ. ಮುಕ್ಕಾಲು ಪಾಲು ಕೆಲಸ ಇರೋದು ವೈರಲ್ಲಿ, ಕರೆಂಟಲ್ಲಿ.

ಯುಡೈಸ್, ಅಂದರೆ ಶಾಲೆಗಳ ಬಗ್ಗೆ ಸರ್ಕಾರ ಕಲೆಹಾಕುವ ಮಾಹಿತಿ, ತೆಗೆದರೆ ಮಕ್ಕಳೆಷ್ಟು, ಕೊಠಡಿ ಎಷ್ಟು, ಕರೆಂಟ್ ಇದೆಯಾ ಎಲ್ಲಾ ಸಿಗುತ್ತದೆ. ಅದು ಬೇಕು, ಆದರೆ ಸಾಲದು. ಕರೆಂಟ್ ಇದೆ ಅಂತ ಬರೆದಿರುವ ಕಡೆ ಅರ್ಥಿಂಗ್ ಇರುತ್ತದೆ ಅಂತೇನಿಲ್ಲ. ಹಾಗಾಗಿ ನನ್ನ ಬ್ಯಾಗಿನಿಂದ ಮೊದಲು ಹೊರಗೆ ಬರೋದು ಲ್ಯಾಪ್‌ಟಾಪ್ ಅಲ್ಲ, ಮಲ್ಟಿಮೀಟರ್. ಫೇಸಿಗೂ ಅರ್ಥಿಗೂ ನಡುವೆ 230 ವೋಲ್ಟ್ ಆಸುಪಾಸು ತೋರಿಸಬೇಕು. ಎಷ್ಟೋ ಕಡೆ ಅದರ ಅರ್ಧವೂ ಬರಲ್ಲ, ಮೂರನೇ ತೂತು ಸುಮ್ನೆ ಅಲಂಕಾರಕ್ಕೆ ಇರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಇಂಥ ಶಾಲೆಯ ನೆಟ್‌ವರ್ಕ್ ಸ್ವಿಚ್ಚು, ರೂಟರ್ರು ಎಲ್ಲಾ ಒಟ್ಟಿಗೇ ಹೋಗುತ್ತವೆ. ಅದಕ್ಕೇ ಅರ್ಥ್ ಪಿಟ್‌ನ (ಅರ್ಥಿಂಗ್‌ಗೆ ನೆಲದಲ್ಲಿ ತೋಡುವ ಗುಂಡಿ) ಖರ್ಚನ್ನು ಅಂದಾಜು ಪಟ್ಟಿಯ ಮೊದಲ ಸಾಲಲ್ಲೇ ಹಾಕುತ್ತೇನೆ. ಕೆಳಗೆ ಹಾಕಿದರೆ ಕೊನೆಗೆ ಅದನ್ನೇ ಕತ್ತರಿಸುತ್ತಾರೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ ಎಳೆಯಲ್ಲ, ಹತ್ತಿರವಿದ್ದರೂ ಸಿಡಿಲಿನ ಕರೆಂಟ್ ಹರಿಯದ ಫೈಬರ್ರೇ.

ನಾಗಮಂಗಲ ಕಡೆಯ ಒಂದು ಪ್ರೌಢಶಾಲೆಯ ಅಟೆಂಡರ್ ದಿನಾ ಗೇಟಿಗೆ ಬೀಗ ಹಾಕುವ ಮುಂಚೆ ಮೇನ್ ಸ್ವಿಚ್ ಇಳಿಸಿಯೇ ಹೋಗುತ್ತಿದ್ದರು. ಯಾಕಣ್ಣ ಅಂದೆ. "ರಾತ್ರಿ ಸಿಡ್ಲು ಗಿಡ್ಲು ಬಂದು ಏನಾರ ಸುಟ್ಟೋದ್ರೆ ನಾನೇ ತಾನೆ ಸಾ ಉತ್ರ ಹೇಳ್ಬೇಕಾದೋನು? ಅದ್ಕೇಯ ಎಲ್ಲಾನೂ ಆಫ್ ಮಾಡ್ಬುಟ್ಟು ಒಯ್ತೀನಿ" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ, ಅಲ್ವಾ? ನಾವು ನಗರದ ಆಫೀಸಿನ ಅಭ್ಯಾಸದಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಎಲ್ಲಾ ರಾತ್ರಿ ಎರಡಕ್ಕೆ ಇಡುತ್ತೇವೆ. ಇಲ್ಲಿ ರಾತ್ರಿ ಎರಡಕ್ಕೆ ಶಾಲೆಯಲ್ಲಿ ಜೀವಂತವಾಗಿರೋದು ಹಲ್ಲಿ ಮಾತ್ರ. ಈಗ ನಾನು ಅಪ್‌ಡೇಟನ್ನು ಬಿಸಿಯೂಟದ ಹೊತ್ತಿಗೆ ಇಡುತ್ತೇನೆ. ಆಗ ಯಾರೂ ನೆಟ್ ಬಳಸಲ್ಲ, ಕರೆಂಟ್ ಹೋಗಿದ್ದರೆ ನಾಳೆ ಆಗುತ್ತದೆ ಬಿಡಿ.

ಆಕ್ಸೆಸ್ ಪಾಯಿಂಟ್‌ಗೆ, ಅಂದರೆ ವೈಫೈ ಹರಡುವ ಡಬ್ಬಿಗೆ, ಬೇರೆ ಪ್ಲಗ್ ಕೊಡಲ್ಲ, ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ ಪಿಒಇ ಸ್ವಿಚ್ ಹಾಕುತ್ತೇನೆ. ಪ್ಲಗ್ ಕೊಟ್ಟರೆ ಯಾರೋ ಅದನ್ನು ಕಿತ್ತು ಮೊಬೈಲ್ ಚಾರ್ಜಿಗೆ ಹಾಕುತ್ತಾರೆ, ಇದು ಖಂಡಿತ. ಸಾಮಾನ್ಯ ಪಿಒಇ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ಕೇಬಲ್ 100 ಮೀಟರ್ ದಾಟುವ ಹಾಗಿಲ್ಲ. ಕೇಬಲ್ ಬಾಕ್ಸಿನ ಮೇಲೆ ಕ್ಯಾಟ್ 6 ಅಂತ ಒಳ್ಳೇ ದರ್ಜೆ ಬರೆದಿದ್ದರೂ ನಂಬಬೇಡಿ. ತುದಿ ಸುಲಿದು ಒಂದು ಎಳೆಯನ್ನು ಬ್ಲೇಡಲ್ಲಿ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂಗೆ ತಾಮ್ರದ ಲೇಪ. ಅಂಥದರಲ್ಲಿ ದೂರಕ್ಕೆ ಕರೆಂಟ್ ಸರಿಯಾಗಿ ಹೋಗಲ್ಲ, ಆಕ್ಸೆಸ್ ಪಾಯಿಂಟ್ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ, ಬೈಗುಳ ಮಾತ್ರ ಇಂಟರ್‌ನೆಟ್ ಕೊಟ್ಟವರಿಗೆ. ಅಂಗಡಿಯಲ್ಲೇ ಕೆರೆದು ನೋಡಿ, ನಾಚಿಕೆ ಬೇಡ.

ಇನ್ನು ರೇಡಿಯೋ. ಜಗಲಿಯಲ್ಲಿ ಒಂದು ಹಾಕಿಬಿಡಿ, ಎಲ್ಲಾ ಕ್ಲಾಸಿಗೂ ಬರುತ್ತದೆ ಅಂತಾರೆ. ಹಳೇ ಕಲ್ಲುಗೋಡೆಯ ಶಾಲೆಗಳಲ್ಲಿ ಅದು ಬರೋದು ಜಗಲಿಗೆ ಮಾತ್ರ. ಮಕ್ಕಳು ಟ್ಯಾಬ್ ಹಿಡಿಯುವ ಕೊಠಡಿ ಯಾವುದೋ ಅದರೊಳಗೇ ಇಡಬೇಕು, ಉಳಿದ ಕೊಠಡಿಗೆ ಸದ್ಯಕ್ಕೆ ಕೇಬಲ್ ಮಾತ್ರ ಎಳೆದಿಟ್ಟರೆ ಸಾಕು. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಒಂದಕ್ಕೊಂದು ತಾಗದ ಚಾನೆಲ್ 1, 6, 11 ಮೂರೇ. ಹಾಗಾಗಿ ಮಕ್ಕಳ ಸಾಧನಗಳೆಲ್ಲ 5 ಗಿಗಾಹರ್ಟ್ಸ್‌ಗೆ, ಅದೂ 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ. 80 ಇಟ್ಟರೆ ಒಂದು ಫೋನಿನ ಸ್ಪೀಡ್ ಟೆಸ್ಟ್ ಚೆನ್ನಾಗಿ ಬರುತ್ತದೆ, ಪಕ್ಕದ ಕ್ಲಾಸು ಒದ್ದಾಡುತ್ತದೆ. 1, 2 ಎಂಬಿಪಿಎಸ್‌ನ ಹಳೇ ವೇಗಗಳನ್ನು ಬಂದ್ ಮಾಡುತ್ತೇನೆ. ನಿಧಾನಕ್ಕೆ ಮಾತಾಡುವ ಒಂದು ಫೋನ್ ಇಡೀ ಕೊಠಡಿಯ ಸರದಿಯನ್ನು ತಿಂದುಹಾಕುತ್ತದೆ, ಅಷ್ಟು ಹೊತ್ತು ಮಿಕ್ಕವೆಲ್ಲ ಬಾಯಿಮುಚ್ಚಿಕೊಂಡು ಕಾಯಬೇಕು.

ಪಂಚಾಯ್ತಿವರೆಗೆ ಕೇಂದ್ರ ಸರ್ಕಾರದ ಹಳ್ಳಿ ಇಂಟರ್‌ನೆಟ್ ಯೋಜನೆಯಾದ ಭಾರತ್‌ನೆಟ್‌ನ ಫೈಬರ್ ಬಂದಿದ್ದು ಶಾಲೆ ಗದ್ದೆಯ ಆಚೆ ಇದ್ದರೆ ಆಂಟೆನಾದಿಂದ ಆಂಟೆನಾಕ್ಕೆ ಲಿಂಕ್ ಹಾಕಬಹುದು. ಆದರೆ ಕಣ್ಣಿಗೆ ಕಂಡರೆ ಸಾಲದು. 5.8 ಗಿಗಾಹರ್ಟ್ಸ್‌ನಲ್ಲಿ ಒಂದು ಕಿಲೋಮೀಟರ್ ಲಿಂಕ್‌ಗೆ ನಡುಮಧ್ಯದಲ್ಲಿ ಎರಡು ಆಂಟೆನಾ ಸೇರಿಸುವ ನೇರ ಗೆರೆಯ ಸುತ್ತ ಮೂರೂವರೆ ಮೀಟರ್‌ನಷ್ಟು ಜಾಗ ಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಇರಲೇಬೇಕು. ಕಬ್ಬು ಕಟಾವಾದ ಮೇಲೆ ಸರ್ವೆಗೆ ಹೋದರೆ ಎಲ್ಲಾ ಬಯಲೇ. ಅದೇ ಕಬ್ಬು ಆಳುದ್ದ ದಾಟಿ ಬೆಳೆದು ನಿಂತಾಗ ಹಂಚಿನ ಸೂರಿನ ಎತ್ತರಕ್ಕೆ ಕಟ್ಟಿದ ಆಂಟೆನಾದ ಕಥೆ ಮುಗಿಯಿತು. ತೆಂಗು ಇನ್ನೂ ಕಷ್ಟ, ಮಳೆಯಲ್ಲಿ ನೆನೆದ ಗರಿ ಸಿಗ್ನಲ್ಲನ್ನು ನುಂಗುತ್ತದೆ. ನಡುವಿನ ಜಮೀನಿನವರನ್ನು ಕಂಡು ಮುಂದಿನ ವರ್ಷ ಏನು ಹಾಕುತ್ತೀರಿ ಗೌಡ್ರೇ ಅಂತ ಕೇಳೋದೂ ನನ್ನ ಸರ್ವೆಯ ಭಾಗ.

ಲೈನ್ ಎಷ್ಟು ಬೇಕು? 40 ಮಕ್ಕಳು ಒಟ್ಟಿಗೆ ಸಾಧಾರಣ ಗುಣಮಟ್ಟದ ವಿಡಿಯೋ ನೋಡಿದರೆ ತಲೆಗೆ ಒಂದೂವರೆ ಎಂಬಿಪಿಎಸ್ ಅಂತ 60 ಆಯಿತು. ಹಳ್ಳಿಯಲ್ಲಿ ಅದು ದಿನವಿಡೀ ಸಿಗುತ್ತದೆ ಅಂತ ಪ್ಲಾನ್ ಮಾಡೋಕಾಗಲ್ಲ. ಅದಕ್ಕೆ ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಕೊಲಿಬ್ರಿ, ಕೀವಿಕ್ಸ್ ಸಾಫ್ಟ್‌ವೇರ್ ಹಾಕಿ ಪಾಠ, ಕನ್ನಡ ವಿಕಿಪೀಡಿಯ ಎಲ್ಲಾ ಶಾಲೆಯೊಳಗೇ ಇಡುತ್ತೇನೆ. ಹೊಸದನ್ನು ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಇಳಿಸಿಕೊಂಡು ಹಾರ್ಡ್ ಡಿಸ್ಕಲ್ಲಿ ತಂದು ತುಂಬೋದು. ಇಂಟರ್‌ನೆಟ್ ಬೇಕಾಗೋದು ಹೆಚ್ಚಾಗಿ ಸ್ಯಾಟ್ಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಮಾಹಿತಿ ತುಂಬುವಂಥ ಆಫೀಸ್ ಕೆಲಸಕ್ಕೆ. ಅದನ್ನು ಮಕ್ಕಳ ನೆಟ್‌ವರ್ಕಿನಿಂದ ಬೇರೆ ಮಾಡಲೇಬೇಕು.

ಜಿಲ್ಲೆಯ ಎಲ್ಲಾ ಶಾಲೆಗೂ ಒಂದೇ ಮಾಡೆಲ್, ಒಂದೇ ಥರದ ಸೆಟ್ಟಿಂಗ್. ಕಂಪನಿ ಯಾವುದಾದರೂ ಸರಿ, ಕೆಟ್ಟಾಗ ಬದಲಿ ಪೀಸ್ ತಾಲ್ಲೂಕಿನಲ್ಲೇ ಸಿಗುವ ಹಾಗಿರಬೇಕು. ಪಾಸ್‌ವರ್ಡ್ ಒಬ್ಬ ಮೇಷ್ಟ್ರ ತಲೆಯಲ್ಲಿ ಮಾತ್ರ ಇದ್ದರೆ ಅವರ ವರ್ಗಾವಣೆ ಆದ ದಿನ ಅದೂ ಬಸ್ ಹತ್ತುತ್ತದೆ. ಲಕೋಟೆಯಲ್ಲಿ ಹಾಕಿ ಹೆಡ್ ಮಾಸ್ಟರ ಬೀರುವಿನಲ್ಲಿ ಇಡಿಸುತ್ತೇನೆ. ಗೋಡೆ ಕೊರೆಯುವ ಕೆಲಸವೆಲ್ಲ ಬೇಸಿಗೆ ರಜೆಯಲ್ಲಿ.

ಉಳಿದದ್ದು ಬಿಲ್ಲು. ಮೊದಲ ವರ್ಷ ಟ್ರಸ್ಟ್ ಕಟ್ಟುತ್ತದೆ, ಆಮೇಲೆ? ಇದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎಲ್ಲರ ಮುಂದೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸುತ್ತೇನೆ. ಉತ್ತರ ಬರದಿದ್ದರೆ ಆ ಶಾಲೆಗೆ ವೈರಿಂಗು, ಆಕ್ಸೆಸ್ ಪಾಯಿಂಟು, ಪೈ ಇಷ್ಟೇ ಕೊಟ್ಟು ಬರುತ್ತೇನೆ. ಇಂಟರ್‌ನೆಟ್ ಲೈನ್‌ಗೆ ಅರ್ಜಿ ಹಾಕಲ್ಲ.