ಸೆಕ್ಟರ್ ನಂಬರು ಗೊತ್ತಿಲ್ಲದ ಆಯಿ: ನಾವು ಮಾಡಿದ ಹಾರರ್ ಕಾಮಿಡಿ

ನಮ್ಮ ಚಿತ್ರದ ದೆವ್ವ ಯಾರ ಕುತ್ತಿಗೆಯನ್ನೂ ಹಿಸುಕುವುದಿಲ್ಲ. ಹಳೇ ಬಾಗಲಕೋಟೆಯ ಮುಳುಗಡೆ ಮನೆಯೊಂದರಲ್ಲಿ ಎಂದೋ ತೀರಿಕೊಂಡ ಆಯಿ, ಮಕ್ಕಳು ಮೊಮ್ಮಕ್ಕಳೆಲ್ಲ ಬಾಗಿಲು ಚೌಕಟ್ಟು ಸಮೇತ, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಹೋದದ್ದನ್ನು ತಡವಾಗಿ ಅರಿತು, ಅಮಾವಾಸ್ಯೆಯ ರಾತ್ರಿ ಅವರ ಮನೆ ಹುಡುಕುತ್ತ ಹೊರಡುತ್ತಾಳೆ. ಹಳೇ ಊರಿನಲ್ಲಿ ಬಾವಿಯನ್ನೋ ಬೇವಿನ ಗಿಡವನ್ನೋ ಹೇಳಿದರೆ ಮನೆ ಸಿಗುತ್ತಿತ್ತು. ನವನಗರದಲ್ಲಿ ಎಲ್ಲರೂ ಸೆಕ್ಟರ್ ನಂಬರು ಕೇಳುತ್ತಾರೆ. 34 ನಿಮಿಷದ ಈ ಚಿತ್ರವನ್ನು ನಾವು ಹನ್ನೊಂದು ಜನ ಸೇರಿ 68,000 ರೂಪಾಯಿಯಲ್ಲಿ, 2025ರ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಹನ್ನೊಂದು ಭಾನುವಾರಗಳಲ್ಲಿ ಚಿತ್ರೀಕರಿಸಿದೆವು. ಅದರಲ್ಲಿ 22,000 ರೂಪಾಯಿ ಊಟಕ್ಕೇ ಹೋಯಿತು. ಅದನ್ನು ಖರ್ಚು ಎಂದು ನಾನು ಒಮ್ಮೆಯೂ ಭಾವಿಸಿಲ್ಲ.

ಬೇಸಿಗೆಯನ್ನು ಆರಿಸಿಕೊಂಡದ್ದಕ್ಕೆ ಕಾರಣ ನೀರು. ಆಲಮಟ್ಟಿ ಜಲಾಶಯ ತನ್ನ ಪೂರ್ಣ ಮಟ್ಟವಾದ 519.60 ಮೀಟರ್‌ವರೆಗೆ ತುಂಬಿದಾಗ ಹಿನ್ನೀರು ಹಳೇ ಊರಿನ ತಗ್ಗಿನ ಭಾಗಕ್ಕೆ ಬಂದು ನಿಲ್ಲುತ್ತದೆ. ಬೇಸಿಗೆಯಲ್ಲಿ ಅದು ಹಿಂದೆ ಸರಿದಾಗ ಮನೆಗಳ ಬುನಾದಿ, ಹೊಸ್ತಿಲ ಕಲ್ಲು, ಗೋಡೆಯ ಮೇಲೆ ನೀರು ಬಿಟ್ಟುಹೋದ ಗೆರೆಗಳು ಒಂದೊಂದಾಗಿ ಮೇಲೆದ್ದು ಕಾಣುತ್ತವೆ. ಎಷ್ಟು ಲಕ್ಷ ಸುರಿದು ಸೆಟ್ ಹಾಕಿದರೂ ಆ ಗೆರೆಗಳು ಬರಲಾರವು. ಆದರೆ ಅದು ನಮ್ಮ ನೆರೆಹೊರೆಯವರು ಹುಟ್ಟಿ ಬೆಳೆದ ಜಾಗವೂ ಹೌದು. ಊರಿನ ಉಳಿದ ಭಾಗದಲ್ಲಿ ಇಂದಿಗೂ ಜನ ಬಾಳುತ್ತಿದ್ದಾರೆ. ಆದ್ದರಿಂದ ಆ ಮನೆಗಳನ್ನು ಭೂತಬಂಗಲೆಯಂತೆ ತೋರಿಸಬಾರದು, ನಗು ಹುಟ್ಟುವುದಾದರೆ ಆಯಿಯ ಪೇಚಾಟದಿಂದ ಹುಟ್ಟಬೇಕೇ ಹೊರತು ಊರು ಕಳೆದುಕೊಂಡವರ ದುಃಖದಿಂದಲ್ಲ ಎಂದು ಮೊದಲ ದಿನವೇ ನಿರ್ಧರಿಸಿದೆವು.

ನಮ್ಮ ಕ್ಯಾಮೆರಾ ಒಂದು ಮೊಬೈಲ್ ಫೋನು. ಕಡುಗತ್ತಲೆಯಲ್ಲಿ ಅದು ಚಿತ್ರದ ತುಂಬ ಮರಳು ಚೆಲ್ಲಿದಂತೆ ಕಾಳು ಕಾಳು ಮಾಡುತ್ತದೆ. ಆದ ಕಾರಣ ಹೊರಾಂಗಣದ ರಾತ್ರಿಗಳನ್ನೆಲ್ಲ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತೈದು ನಿಮಿಷಗಳಲ್ಲೇ ತೆಗೆದೆವು. ಬಣ್ಣದ ಸಮತೋಲ ಹೊಂದಿಸುವ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ನಿಲ್ಲಿಸಿ, ಎಕ್ಸ್‌ಪೋಷರನ್ನು ಎರಡು ಸ್ಟಾಪ್, ಅಂದರೆ ಬೆಳಕನ್ನು ಕಾಲು ಭಾಗಕ್ಕೆ, ಇಳಿಸಿದರೆ ಮುಚ್ಚಂಜೆಯ ಬೆಳಕು ನೀಲಿ ಬೆಳದಿಂಗಳಾಗುತ್ತದೆ. ಬೀದಿದೀಪ ಇರುವಲ್ಲಿ ಶಟರ್ ವೇಗವನ್ನು 1/50 ಸೆಕೆಂಡಿಗೆ ಇಟ್ಟೆವು. ನಮ್ಮ ಕರೆಂಟು 50 ಹರ್ಟ್ಸ್‌ನದಾದ್ದರಿಂದ ಅದಕ್ಕೆ ಹೊಂದದ ವೇಗದಲ್ಲಿ ದೀಪ ಮಿಣಮಿಣ ಎನ್ನುತ್ತದೆ. ಹನ್ನೊಂದು ಭಾನುವಾರ ಕೂಡಿಸಿದರೂ ಆ ಬೆಳಕು ನಮಗೆ ಸಿಕ್ಕದ್ದು ಐದು ತಾಸಿಗಿಂತ ಕಡಿಮೆ. ಮಧ್ಯಾಹ್ನವೆಲ್ಲ ತಾಲೀಮು ನಡೆಸಿ, ಸಂಜೆ ಒಂದೋ ಎರಡೋ ಶಾಟ್ ತೆಗೆದು ಮನೆಗೆ ಹೋಗುತ್ತಿದ್ದೆವು. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ತಮ್ಮ ಮೊದಲ ಚಿತ್ರ ‘ಬ್ಯಾಡ್ ಟೇಸ್ಟ್’ ಅನ್ನು ಹೀಗೆಯೇ ರಜಾದಿನಗಳಲ್ಲಿ ಸ್ನೇಹಿತರ ಜೊತೆ ಸುಮಾರು ನಾಲ್ಕು ವರ್ಷ ತೆಗೆದರೆಂಬುದು ನಮ್ಮ ತಂಡಕ್ಕೆ ದೊಡ್ಡ ಧೈರ್ಯವಾಗಿತ್ತು.

ದೆವ್ವಕ್ಕೆ ಬಿಳಿ ಸೀರೆ ಬೇಡವೆಂದೆ. ನಮ್ಮ ಆಯಿ ಬದುಕಿದ್ದಾಗ ಉಟ್ಟದ್ದು ಇಳಕಲ್ ಸೀರೆ, ಸತ್ತ ಮೇಲೆ ಬೇರೆ ಏಕೆ ಉಡುತ್ತಾಳೆ? ಕಪ್ಪು ಒಡಲಿನ ಹಳೆಯ ಇಳಕಲ್ ಸೀರೆಯೊಂದನ್ನು ಉಡಿಸಿ ಮುಚ್ಚಂಜೆಯಲ್ಲಿ ನಿಲ್ಲಿಸಿದಾಗ ನಾವ್ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಒಡಲು ಕತ್ತಲೆಯಲ್ಲಿ ಕರಗಿಹೋಗಿ, ಬಿಳಿ ತೆನೆಗಳಿದ್ದ ಕೆಂಪು ರೇಷ್ಮೆಯ ಸೆರಗು ಮಾತ್ರ ನೆಲದಿಂದ ಮೂರಡಿ ಎತ್ತರದಲ್ಲಿ ತಾನಾಗಿಯೇ ತೇಲಿ ಬರುತ್ತಿತ್ತು. ಗ್ರಾಫಿಕ್ಸ್‌ಗೆ ನಮ್ಮಲ್ಲಿ ಹಣವಿರಲಿಲ್ಲ. ಇದ್ದಿದ್ದರೆ ಇದು ನಮಗೆ ಸಿಗುತ್ತಲೇ ಇರಲಿಲ್ಲ.

ದೆವ್ವದ ಕಣ್ಣಿನಿಂದ ಓಣಿ ಕಾಣುವ ಶಾಟ್‌ಗೆ ಆರಡಿ ಹಲಗೆಯ ನಡುವೆ ಫೋನನ್ನು ಬಿಗಿದು, ಇಬ್ಬರು ಹುಡುಗರು ಎರಡೂ ತುದಿ ಹಿಡಿದು ಓಡಿದರು. ಇದು ಸ್ಯಾಮ್ ರೈಮಿ ಅವರ ತಂಡ 1981ರ ‘ದಿ ಈವಿಲ್ ಡೆಡ್’ ಚಿತ್ರದಲ್ಲಿ ಮಾಡಿದ ಉಪಾಯ. ಹಲಗೆ ಉದ್ದವಿರುವುದರಿಂದ ಓಟದ ಕುಲುಕಾಟ ತುದಿಗಳಲ್ಲೇ ಉಳಿದು, ನಡುವಿನ ಕ್ಯಾಮೆರಾ ನೆಲಕ್ಕೆ ಹತ್ತಿರವಾಗಿ ಹರಿದಂತೆ ಸಾಗುತ್ತದೆ.

ಆದರೂ ಕಣ್ಣಿಗಿಂತ ಕಿವಿಯೇ ಬೇಗ ಹೆದರುತ್ತದೆ. ಫೋನು ನಮ್ಮದೇ ಇದ್ದುದರಿಂದ ಸಲಕರಣೆಯ ಹಣದಲ್ಲಿ ಹೆಚ್ಚಿನ ಪಾಲನ್ನು, 14,500 ರೂಪಾಯಿಯನ್ನು, ಮೈಕು ಮತ್ತು ರೆಕಾರ್ಡರಿಗೆ ಹಾಕಿದೆ. ಆಯಿ ಬರುವ ಗುರುತಿಗೆ ಗೆಜ್ಜೆಯ ಸದ್ದಾಗಲಿ ನರಿಯ ಕೂಗಾಗಲಿ ಬೇಡವಾಗಿತ್ತು. ನಡುರಾತ್ರಿ ಪಾಳುಮನೆಯೊಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳಬೇಕು: ಒಲೆಯಿಲ್ಲ, ಹಿಟ್ಟಿಲ್ಲ, ಮನುಷ್ಯರಿಲ್ಲ, ಆದರೆ ಟಪ್ ಟಪ್ ಟಪ್. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಕೌದಿ ತೂಗಿಹಾಕಿ, ಫ್ಯಾನ್ ಬಂದ್ ಮಾಡಿ, ನನ್ನ ಅವ್ವನನ್ನು ಕೂರಿಸಿ ಜೋಳದ ರೊಟ್ಟಿ ಬಡಿಯಲು ಹೇಳಿದೆ. ಮೈಕನ್ನು ತೀರ ಹತ್ತಿರ ಹಿಡಿದಾಗ ಚಪ್ಪಾಳೆಯಂತೆ ಕೇಳಿಸಿತು. ಒಂದು ಮಾರು ದೂರ ಸರಿಸಿ, ಹಲಗೆಯ ಕೆಳಗೆ ಖಾಲಿ ಡಬ್ಬಿ ಇಟ್ಟಾಗ ಆ ಸದ್ದಿಗೆ ಹೊಟ್ಟೆಯೊಳಗಿನ ಗುಂಯ್‌ಗುಡುವಿಕೆ ಬಂತು. ಬಳೆ ತೆಗೆಯಲೇ ಎಂದು ಅವ್ವ ಕೇಳಿದಳು. ಬೇಡವೆಂದೆ. ಪ್ರತಿ ಏಟಿನ ಬೆನ್ನಿಗೆ ಬರುವ ಗಾಜಿನ ಬಳೆಯ ಆ ಸಣ್ಣ ಕಿಣಿಯಿಂದಲೇ ಅಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆಂಬುದು ಖಚಿತವಾಗುತ್ತದೆ.

ಇದೇ ಸದ್ದು ಚಿತ್ರದಲ್ಲಿ ಎರಡು ಸಲ ಬರುತ್ತದೆ. ಮೊದಲ ಸಲ ಹಳೇ ಮನೆಯಲ್ಲಿ ಕೇಳಿದಾಗ ನೋಡುವವರು ಉಸಿರು ಹಿಡಿಯುತ್ತಾರೆ. ಎರಡನೆಯ ಸಲ ನವನಗರದ ಅಡುಗೆಮನೆಯಲ್ಲಿ ಕೇಳಿದಾಗ ಮನೆಮಂದಿಯೆಲ್ಲ ಹಾಸಿಗೆಯೊಳಗೆ ಮುದುಡುತ್ತಾರೆ. ಬೆಳಗ್ಗೆ ನೋಡಿದರೆ ಬುಟ್ಟಿ ತುಂಬ ರೊಟ್ಟಿ, ಮನೆಯ ಸಣ್ಣ ಹುಡುಗ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಾನೆ, ಹಿರಿಸೊಸೆಗೆ ದೆವ್ವ ಬಂದ ಭಯಕ್ಕಿಂತ ಆ ರೊಟ್ಟಿ ತನ್ನದಕ್ಕಿಂತ ತೆಳ್ಳಗಿದೆಯೆಂಬ ಸಂಕಟವೇ ದೊಡ್ಡದು. ಹೆದರಿಸಿದ ವಸ್ತುವೇ ನಗಿಸಬೇಕು; ಭಯಕ್ಕೊಂದು ದೃಶ್ಯ, ಹಾಸ್ಯಕ್ಕೊಂದು ಪಾತ್ರ ಎಂದು ಬೇರೆ ಬೇರೆ ಇಟ್ಟರೆ ಎರಡೂ ಸೊರಗುತ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆಯಿಯ ಪಾತ್ರ ಮಾಡಿದವರು ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಹಲವು ವರ್ಷ ಸ್ತ್ರೀ ಪಾತ್ರ ಹಾಕಿದ ಹಿರಿಯ ಕಲಾವಿದರು. ಬಯಲಿನ ಕೊನೆಯ ಸಾಲಿಗೆ ಮುಟ್ಟಿಸುವ ಅವರ ಕಂಠವನ್ನು ಮೈಕಿಗೆ ತಗ್ಗಿಸಲು ಎರಡು ಭಾನುವಾರ ಬೇಕಾದವು. ಆದರೆ ಮಾತಿನ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ನಾನು ಕಲಿತದ್ದು ಅವರಿಂದಲೇ. ರಕ್ತಕ್ಕೆ ಮಹಾಲಿಂಗಪುರದ ಬೆಲ್ಲದ ಪಾಕಕ್ಕೆ ತಿನ್ನುವ ಕೆಂಪು ಬಣ್ಣ ಬೆರೆಸಿದ್ದೆವು. ದಪ್ಪವೂ ಬಣ್ಣವೂ ಚೆನ್ನಾಗಿಯೇ ಇದ್ದವು, ಆದರೆ ಹತ್ತು ನಿಮಿಷದಲ್ಲಿ ಹಳೇ ಊರಿನ ಇರುವೆಗಳೆಲ್ಲ ಕಲಾವಿದರ ಕಾಲಿಗೆ ಮುತ್ತಿದವು. ಅಂದೇ ರಕ್ತದ ದೃಶ್ಯವನ್ನು ಕೈಬಿಟ್ಟೆವು.

ಅತಿ ಹೆಚ್ಚು ದಿನ ಹಿಡಿದದ್ದು ಬೈಕಿನ ಹುಡುಗನ ದೃಶ್ಯದ ಸಂಕಲನ. ಫೋನಿನಲ್ಲಿ ಮುಳುಗಿದ ಹುಡುಗನ ಬಳಿಗೆ ಬಂದು ಆಯಿ, “ತಮ್ಮಾ, ನಮ್ಮ ಮನಿ ಎಲ್ಲೈತೋ?” ಎನ್ನುತ್ತಾಳೆ. “ಸೆಕ್ಟರ್ ನಂಬರ್ ಹೇಳ್ರಿ ಆಯಿ.” “ಬೇವಿನ ಗಿಡದ ಮುಂದ.” ಹುಡುಗ ತಲೆ ಎತ್ತುವಾಗ ಅವಳ ಪಾದಗಳು ಹಿಂದುಮುಂದಾಗಿರುವುದು ಕಾಣುತ್ತದೆ, ಅವನು ಓಡುತ್ತಾನೆ, ಓಡುತ್ತಲೇ ತಿರುಗಿ, “ಬಸ್ ಸ್ಟ್ಯಾಂಡಿನ್ಯಾಗ ಕೇಳ್ರೀ!” ಎಂದು ಕೂಗುತ್ತಾನೆ. ಪಾದ ಕಂಡ ಮೇಲೆ ಓಡುವ ಮುನ್ನ ನಾಲ್ಕು ಸೆಕೆಂಡ್ ಮೌನ ಇಟ್ಟಿದ್ದೆ, ಯಾರೂ ನಗಲಿಲ್ಲ. ಒಂದೂವರೆಗೆ ಇಳಿಸಿದಾಗ ಯಾರೂ ಹೆದರಲಿಲ್ಲ. ಎರಡೂವರೆ ಸೆಕೆಂಡಿಗೆ ತಂದಾಗ, ಗೆಳೆಯರು ಮೊದಲು ಕುರ್ಚಿಯ ತೋಳು ಹಿಡಿದು, ಅದನ್ನು ಬಿಡುವ ಮೊದಲೇ ನಕ್ಕರು.

ದೀಪಾವಳಿ ಕಳೆದ ವಾರ ನವನಗರದ ಒಂದು ಮನೆಯಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ಮೊದಲ ಪ್ರದರ್ಶನ ಮಾಡಿದೆವು. ಮುಂದಿನ ಸಾಲಿನಲ್ಲಿ ಹಳೇ ಊರಿನಿಂದ ಬಂದ ಮುದುಕಿಯರು ಕೂತಿದ್ದರು. ಆಯಿ “ಬೇವಿನ ಗಿಡದ ಮುಂದ” ಎಂದೊಡನೆ ಒಬ್ಬರು, “ಯಾವ ಬೇವಿನ ಗಿಡ ಬೇ, ಬಾವಿ ಕಡೀದೋ ಗುಡಿ ಕಡೀದೋ?” ಎಂದು ಪರದೆಗೇ ಕೇಳಿದರು. ಪಕ್ಕದವರು ಅದಕ್ಕೆ ಉತ್ತರಿಸತೊಡಗಿದರು, ಮೂರನೆಯವರು ಅದನ್ನು ತಿದ್ದಿದರು. ಈ ಗದ್ದಲದಲ್ಲಿ ಪಾದದ ಶಾಟ್ ಯಾರ ಕಣ್ಣಿಗೂ ಬೀಳದೆ ದಾಟಿಹೋಯಿತು. ಮರುದಿನ ಕೂತು, ಅವಳ ಆ ಮಾತಿನ ನಂತರ, ಪಾದ ತೋರಿಸುವ ಮುನ್ನ, ಅವಳ ಮುಖದ ಮೇಲೆ ಇನ್ನೂ ಆರು ಸೆಕೆಂಡ್ ಸೇರಿಸಿದೆ.